ಭುಜದ ಹೊಲಿಗೆಯ ಬಲ

ಕಬಡ್ಡಿಯ ಅಂಗಳದಲ್ಲಿ ಎದುರಾಳಿಯ ಕೈಹಿಡಿದು ಎಳೆಯುವುದನ್ನೂ, ಗೋಕುಲಾಷ್ಟಮಿಯ ಮರುದಿನ ಠಾಣೆಯ ಬೀದಿಗಳಲ್ಲಿ ತರುಣರು ಹೆಗಲ ಮೇಲೆ ಹೆಗಲೇರಿ ಮೊಸರುಕುಡಿಕೆ ಒಡೆಯುವುದನ್ನೂ ಕಲ್ಯಾಣದವರಾದ ನಾವು ಪ್ರತಿವರ್ಷ ಕಾಣುತ್ತೇವೆ. ಇಂಥ ಆಟಗಳಲ್ಲಿ ಒಮ್ಮೊಮ್ಮೆ ಭುಜದ ಕೀಲು ತಪ್ಪುವುದುಂಟು. ಆಗ ಒಳಗೆ ಹರಿಯುವುದೇನು, ಅದನ್ನು ವೈದ್ಯರು ಹೊಲಿದರೆ ಆ ಹೊಲಿಗೆಯ ಬಲವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ದೇಹದ ಕೀಲುಗಳಲ್ಲೆಲ್ಲ ಅತ್ಯಂತ ಸ್ವತಂತ್ರವಾಗಿ ತಿರುಗುವುದು ಭುಜವೇ. ತೋಳಿನೆಲುಬಿನ ಗುಂಡು ದೊಡ್ಡದು. ಅದು ಕೂಡುವ ಹೆಗಲೆಲುಬಿನ ಬಟ್ಟಲು ಚಿಕ್ಕದು, ಆಳವಿಲ್ಲದ್ದು. ಗುಂಡು ಜಾರದಂತೆ ಆ ಬಟ್ಟಲಿನ ಸುತ್ತಲೂ ನಾರಿನ ಅಂಚೊಂದಿದೆ. ಇದಕ್ಕೆ ಲೇಬ್ರಮ್ ಎಂದು ಹೆಸರು. ಎತ್ತಿದ ತೋಳು ಹಿಂದಕ್ಕೆ ತಿರುಚಿದಾಗ ಗುಂಡು ಮುಂದಕ್ಕೆ ಜಾರಿ, ಅಂಚಿನ ಮುಂಭಾಗ ಕೆಳಗಡೆಯಲ್ಲಿ ಕಿತ್ತುಬರುತ್ತದೆ. ಈ ಗಾಯವನ್ನು 1923ರಲ್ಲಿ ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟ್‌ರ ಹೆಸರೇ ಅದಕ್ಕೆ ನಿಂತಿದೆ. ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಭಯ ಎಳೆಯರಲ್ಲಿಯೇ ಹೆಚ್ಚು.

ಇಂದಿನ ಚಿಕಿತ್ಸೆಯಲ್ಲಿ ಸಣ್ಣ ರಂಧ್ರದ ಮೂಲಕ ಪೆನ್ಸಿಲಿಗಿಂತಲೂ ತೆಳುವಾದ ದುರ್ಬೀನನ್ನು ಒಳಗೆ ತೂರಿಸಿ, ಬಟ್ಟಲಿನ ಅಂಚಿನ ಎಲುಬಿನಲ್ಲಿ ಆಂಕರ್ ಎಂಬ ಪುಟ್ಟ ಗೂಟಗಳನ್ನು ನೆಡುತ್ತಾರೆ. ಗೂಟಕ್ಕೆ ಕಟ್ಟಿದ ದಾರದಿಂದ ಹರಿದ ಅಂಚನ್ನು ಮತ್ತೆ ಎಲುಬಿಗೆ ಬಿಗಿಯುತ್ತಾರೆ.

ಇದರ ಬಲವನ್ನು ತಿಳಿಯಲು ಕಟ್ಟಿಹಾಕಿದ ಎತ್ತನ್ನು ನೆನೆದರೆ ಸಾಕು. ಎತ್ತು ಜಗ್ಗಿದರೆ ಹಗ್ಗ ಹರಿಯಬಹುದು, ಗಂಟು ಸಡಿಲಬಹುದು, ಹಸಿ ಮಣ್ಣಾದರೆ ಗೂಟವೇ ಕೀಳಬಹುದು, ಇಲ್ಲವೆ ಮೂಗುದಾರ ಮೂಗನ್ನೇ ಕೊಯ್ಯಬಹುದು. ಭುಜದ ಹೊಲಿಗೆ ಸೋಲುವುದೂ ಈ ನಾಲ್ಕು ಬಗೆಯಲ್ಲಿಯೇ. ಪ್ರಯೋಗಶಾಲೆಯಲ್ಲಿ ದಾನವಾಗಿ ಬಂದ ಮೃತದೇಹಗಳ ಭುಜಗಳಿಗೆ ಹೊಲಿಗೆ ಹಾಕಿ, ಯಂತ್ರದಿಂದ ಮೊದಲು ಮೆಲ್ಲನೆ ಅನೇಕ ಸಲ ಎಳೆದು ಬಿಡುತ್ತಾರೆ; ಕೊನೆಗೆ ಕಿತ್ತುಬರುವವರೆಗೂ ಜಗ್ಗಿ, ಆ ಬಲವನ್ನು ನ್ಯೂಟನ್ನುಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಮಿನ ತೂಕ ಸುಮಾರು 10 ನ್ಯೂಟನ್ ಎಂಬುದನ್ನು ನಾವು ಪಾಠದಲ್ಲಿ ಕಲಿತಿದ್ದೇವೆ. ದಾರ ಹರಿಯದಿದ್ದರೂ ಅಂಚು ಎಲುಬಿನಿಂದ 2 ಮಿಲಿಮೀಟರ್ ಸರಿಯಿತೆಂದರೆ, ಎಷ್ಟೋ ಪರೀಕ್ಷೆಗಳಲ್ಲಿ ಅದನ್ನು ಸೋಲೆಂದೇ ಎಣಿಸುತ್ತಾರೆ. ಏಕೆಂದರೆ ತಾಗದ ಅಂಚು ಕೂಡಿಕೊಳ್ಳಲಾರದು.

ಗಂಟು ಹಾಕುವ ವಿಧಾನ ಮೇಲೋ, ಗಂಟಿಲ್ಲದೆ ಆಂಕರಿನಲ್ಲಿಯೇ ದಾರವನ್ನು ಸಿಕ್ಕಿಸುವ ಹೊಸ ವಿಧಾನ ಮೇಲೋ ಎಂಬ ಚರ್ಚೆ ಬಹಳ ನಡೆದಿದೆ. ಅನೇಕ ಪರೀಕ್ಷೆಗಳಲ್ಲಿ ಎರಡರ ಅಂತಿಮ ಬಲವೂ ಹೆಚ್ಚು ಕಡಮೆ ಸಮನಾಗಿಯೇ ಕಂಡಿದೆ. ಈಗಿನ ದಾರಗಳು ಬಲು ಗಟ್ಟಿ. ಆದುದರಿಂದ ದಾರ ಹರಿಯುವುದಕ್ಕಿಂತ, ದಾರವು ಮೆತ್ತನೆಯ ಅಂಚನ್ನು ಕೊಯ್ಯುವುದೇ ಹೆಚ್ಚಿನ ಚಿಂತೆ. ಹಲವು ಆಂಕರುಗಳಿದ್ದರೆ ಭಾರ ಹಂಚಿಹೋಗುತ್ತದೆ. ನಾಲ್ಕಕ್ಕಿಂತ ಕಡಮೆ ಆಂಕರು ಹಾಕಿದವರಲ್ಲಿ ಭುಜ ಮತ್ತೆ ತಪ್ಪಿದ್ದು ಹೆಚ್ಚೆಂದು ಫ್ರಾನ್ಸಿನ ವೈದ್ಯರು 2006ರಲ್ಲಿ ಪ್ರಕಟಿಸಿದರು.

ಆದರೆ ಹೊಲಿಗೆ ಎಷ್ಟೇ ಬಿಗಿಯಾಗಿದ್ದರೂ ಅದು ತಾತ್ಕಾಲಿಕ ಆಧಾರವಷ್ಟೇ. ಅಂಚು ಎಲುಬಿಗೆ ನಿಜವಾಗಿ ಬೆಸೆಯುವುದು ದೇಹದ ಕೆಲಸ; ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಮೊದಲ ಕೆಲವು ವಾರ ಕೈಯನ್ನು ಜೋಳಿಗೆಯಲ್ಲಿಡುವುದು ಇದಕ್ಕಾಗಿಯೇ. ಮುಂಬಯಿಯ ಕ್ರಿಕೆಟ್ಟಿಗ ಶ್ರೇಯಸ್ ಅಯ್ಯರ್ 2021ರ ಮಾರ್ಚಿನಲ್ಲಿ ಪುಣೆಯ ಪಂದ್ಯದಲ್ಲಿ ಚೆಂಡು ತಡೆಯಲು ಹಾರಿ ಎಡಭುಜಕ್ಕೆ ಪೆಟ್ಟು ಮಾಡಿಕೊಂಡರು, ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವರು ಸೆಪ್ಟೆಂಬರಿನವರೆಗೂ ಕಾದು ಆಟಕ್ಕೆ ಮರಳಿದರು. ನವೆಂಬರಿನಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿಯೇ ಶತಕ ಬಾರಿಸಿದರು.

ಆದುದರಿಂದ ಗೆಳೆಯನ ಭುಜ ತಪ್ಪಿದಾಗ ಅಂಗಳದಲ್ಲಿಯೇ ಜಗ್ಗಿ ಕೂಡಿಸಲು ಹೋಗದೆ, ಕೈಯನ್ನು ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯೋಣ. ಹೊಲಿಯುವವರು ವೈದ್ಯರು, ಬೆಸೆಯುವುದು ದೇಹ. ಕಾಯುವ ತಾಳ್ಮೆ ಮಾತ್ರ ನಮ್ಮದು.