ಹಿರಿಯರ ಮರೆವಿಗೆ ಗುಳಿಗೆ ಆರಿಸುವ ಮುನ್ನ

ನಿತ್ಯವೂ ಇಷ್ಟಲಿಂಗ ಪೂಜೆ ಮಾಡುವ ತಾಯಿಯವರು ಪೂಜೆಯ ಕ್ರಮವನ್ನೇ ಮರೆಯತೊಡಗಿದರೆ ಮಕ್ಕಳು ಕಳವಳಗೊಳ್ಳುವುದು ಸಹಜ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ನಮ್ಮಲ್ಲಿಗೆ ಬರುವ ಭಕ್ತರು ಕೇಳುವುದು ಒಂದೇ ಮಾತು: “ಡಾಕ್ಟ್ರೇ, ನೆನಪಿನ ಶಕ್ತಿಗೆ ಯಾವ ಗುಳಿಗೆ ಒಳ್ಳೆಯದು?” ಮೊದಲು ರಕ್ತಪರೀಕ್ಷೆಯಾಗಲಿ ಎಂಬುದೇ ನಮ್ಮ ಉತ್ತರ.

ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ ಇವೂ ಮರೆವನ್ನು ತರುತ್ತವೆ. ಸಸ್ಯಾಹಾರಿಗಳಾದ ನಮಗೆ ಬಿ12 ದೊರೆಯುವುದು ಮುಖ್ಯವಾಗಿ ಹಾಲು, ಮೊಸರುಗಳಿಂದ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕೊರತೆಯ ಸಂಭವ ಇನ್ನೂ ಹೆಚ್ಚು. ಕೊರತೆಯಿರುವವರಿಗೆ ಬಿ12 ನಿಜವಾದ ಔಷಧ. ಚಿಕಿತ್ಸೆ ತಡವಾದರೆ ನರಗಳಿಗಾದ ಹಾನಿ ಪೂರ್ಣವಾಗಿ ಸರಿಹೋಗದೆ ಉಳಿಯಬಹುದು.

ಅಂಗಡಿಗಳಲ್ಲಿ ಸಿಗುವ ಗಿಂಕೊ ಗುಳಿಗೆಯನ್ನು ಅಮೆರಿಕದಲ್ಲಿ 75 ವರ್ಷ ತುಂಬಿದ 3,000ಕ್ಕೂ ಹೆಚ್ಚು ಹಿರಿಯರಲ್ಲಿ ಪರೀಕ್ಷಿಸಲಾಯಿತು. ದಿನಕ್ಕೆ 240 ಮಿಲಿಗ್ರಾಂ ಕೊಟ್ಟರೂ ಅದು ಮರೆಗುಳಿ ರೋಗವನ್ನು ತಡೆಯಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರಿಗೆ ಗಿಂಕೊ ಅಪಾಯಕಾರಿಯೂ ಆಗಬಲ್ಲದು.

ಚರಕಸಂಹಿತೆಯು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳನ್ನು ಮೇಧ್ಯ ರಸಾಯನಗಳೆಂದು ಹೇಳಿದೆ. ಮಂಡೂಕಪರ್ಣಿಯೆಂದರೆ ನಮ್ಮ ತೋಟದ ಒಂದೆಲಗ, ತುಳುವಿನ ತಿಮರೆ. ಅದರ ತಂಬುಳಿ ಊಟದಲ್ಲಿರಲಿ. ಆದರೆ ಕ್ಷೀಣಿಸುತ್ತಿರುವ ಸ್ಮೃತಿಯನ್ನು ಅದು ತಡೆದು ನಿಲ್ಲಿಸುವುದೆಂದು ನಾವು ಭರವಸೆ ನೀಡಲಾರೆವು. ಯಷ್ಟಿಮಧುವಂತೂ ರಕ್ತದೊತ್ತಡವನ್ನು ಏರಿಸಬಲ್ಲದು. ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಕೊಡಿಸಿರಿ. ಸಂಜೆ ಅವರೊಡನೆ ನಡೆಯಿರಿ, ಕುಳಿತು ವಚನಗಳನ್ನು ಹೇಳಿಸಿರಿ. ಒಂದೆರಡು ದಿನಗಳಲ್ಲೇ ಮರೆವು, ಗೊಂದಲ ಹೆಚ್ಚಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.