ಮೌಸ್ ಸಾಕೇ, ಪೆನ್ ಟ್ಯಾಬ್ಲೆಟ್ ಬೇಕೇ? ವಿನ್ಯಾಸ ವಿಭಾಗದ ಖರೀದಿಗೆ ಮುನ್ನ

ಮುದ್ರಣ, ಜಾಹೀರಾತು, ಪ್ಯಾಕೇಜಿಂಗ್, ಆಭರಣ, ನೇಯ್ಗೆ, ಕಸೂತಿ ಮುಂತಾದ ಉದ್ಯಮಗಳಲ್ಲಿ ವಿನ್ಯಾಸದ ಕೆಲಸವು ಕಾಗದದಿಂದ ಗಣಕಯಂತ್ರದ ಪರದೆಗೆ ಬಂದು ವರ್ಷಗಳೇ ಸಂದಿವೆ. ಈ ಬದಲಾವಣೆಗಾಗಿ ಉದ್ದಿಮೆದಾರರು ಯಂತ್ರ, ಪರದೆ, ತಂತ್ರಾಂಶಗಳಿಗೆ ಸಾಕಷ್ಟು ಹಣ ತೊಡಗಿಸಿದ್ದಾರೆ. ಆದರೆ ಕಲಾವಿದನ ಕೈಗೂ ಯಂತ್ರಕ್ಕೂ ನಡುವೆ ಇರುವ ಸಾಧನದ ಬಗ್ಗೆ ಯೋಚಿಸಿದವರು ಕಡಿಮೆ. ಗಣಕಯಂತ್ರದ ಜೊತೆಯಲ್ಲಿಯೇ ಮೌಸ್ ಬಂದಿರುತ್ತದೆ. ಲೆಕ್ಕ ಬರೆಯುವವರಿಗೂ ಅದೇ, ಚಿತ್ರ ಬರೆಯುವವರಿಗೂ ಅದೇ. ಇದಕ್ಕೆ ವಿರುದ್ಧವಾದ ತಪ್ಪೂ ಅಪರೂಪವಲ್ಲ. ಪ್ರದರ್ಶನವೊಂದರಲ್ಲಿ ಪೆನ್ ಟ್ಯಾಬ್ಲೆಟ್ ನೋಡಿ ಮೆಚ್ಚಿದ ಮಾಲೀಕರು ವಿಭಾಗದ ಎಲ್ಲರಿಗೂ ಒಂದೊಂದನ್ನು ತರಿಸುತ್ತಾರೆ. ಆರು ತಿಂಗಳಲ್ಲಿ ಅವುಗಳ ಪೈಕಿ ಹೆಚ್ಚಿನವು ಮೇಜಿನ ಖಾನೆ ಸೇರಿರುತ್ತವೆ. ಎರಡೂ ಸಂದರ್ಭಗಳಲ್ಲಿ ತಪ್ಪು ಸಾಧನದ್ದಲ್ಲ. ಯಾರು ಯಾವ ಬಗೆಯ ಕೆಲಸ ಮಾಡುತ್ತಾರೆಂಬುದನ್ನು ವಿಚಾರಿಸದೆ ಕೊಂಡದ್ದರ ಫಲ ಅದು.

ಇಲ್ಲಿ ಟ್ಯಾಬ್ಲೆಟ್ ಎಂದರೆ ಚಲನಚಿತ್ರ ನೋಡಲು, ಪತ್ರಿಕೆ ಓದಲು ಬಳಸುವ ದೊಡ್ಡ ಮೊಬೈಲಿನಂತಹ ವಸ್ತುವಲ್ಲ. ಮೇಜಿನ ಮೇಲಿಡುವ ತೆಳುವಾದ ಹಲಗೆ, ಅದರ ಮೇಲೆ ಬರೆಯಲು ಒಂದು ಪೆನ್ – ಇಷ್ಟೇ ಇದರ ರೂಪ. ಹಲಗೆಯ ಮೇಲೆ ಗೆರೆ ಮೂಡುವುದಿಲ್ಲ. ಅದು ಪರದೆಯ ಮೇಲೆ ಮೂಡುತ್ತದೆ.

ಎರಡು ಸಾಧನಗಳ ಸ್ವಭಾವ

ಇವೆರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಡಗ್ಲಾಸ್ ಎಂಗಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಮರದ ಪೆಟ್ಟಿಗೆಯೊಳಗೆ ಎರಡು ಗಾಲಿಗಳನ್ನು ಜೋಡಿಸಿ ಮೊದಲ ಮೌಸನ್ನು ರೂಪಿಸಿದ್ದು 1964ರಲ್ಲಿ. ಅದೇ ವರ್ಷ, ಅದೇ ಕ್ಯಾಲಿಫೋರ್ನಿಯಾ ರಾಜ್ಯದ ರ‍್ಯಾಂಡ್ ಸಂಸ್ಥೆಯು ಪೆನ್ನಿನಿಂದ ಬರೆಯುವ ಹಲಗೆಯನ್ನು ಹೊರತಂದಿತು. ಮೌಸ್ ಅಗ್ಗವಾಗಿ ಮನೆಮನೆ ಸೇರಿತು. ಹಲಗೆಯು ಬಹುಕಾಲ ಪ್ರಯೋಗಾಲಯಗಳಲ್ಲಿಯೂ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿಯೂ ಉಳಿಯಿತು. 1983ರಲ್ಲಿ ಜಪಾನಿನಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿಯು ಮರುವರ್ಷ ತಂತಿಯಿಲ್ಲದ ಪೆನ್ನನ್ನು ತಂದ ನಂತರವೇ ಅದು ಚಿತ್ರಕಾರರ ಕೈಗೆ ಒಗ್ಗುವ ಸಾಧನವಾಯಿತು.

ಇವುಗಳ ನಡುವಿನ ಮೂಲ ವ್ಯತ್ಯಾಸ ಆಕಾರದಲ್ಲಿಲ್ಲ. ಮೌಸ್ ತಾನು ಎಲ್ಲಿದ್ದೇನೆಂಬುದನ್ನು ಗಣಕಯಂತ್ರಕ್ಕೆ ತಿಳಿಸುವುದೇ ಇಲ್ಲ. ಎಷ್ಟು ಸರಿದೆನೆಂಬುದನ್ನು ಮಾತ್ರ ತಿಳಿಸುತ್ತದೆ. ಅದನ್ನು ಎತ್ತಿ ಬೇರೆಡೆ ಇಟ್ಟರೂ ಪರದೆಯ ಮೇಲಿನ ಬಾಣ ಕದಲದು. ಅಲ್ಲದೆ ಕೈ ವೇಗವಾಗಿ ಸರಿದರೆ ಬಾಣವು ಇನ್ನೂ ದೂರ ಹೋಗುವಂತೆ ವಿಂಡೋಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಏರ್ಪಾಡು ಮಾಡಿರುತ್ತವೆ. ಕಡತ ತೆರೆಯಲು, ಮೆನು ಆರಿಸಲು ಇದು ಅನುಕೂಲ. ಚಿತ್ರ ಬರೆಯಲು ಮಾತ್ರ ಅನನುಕೂಲ. ಕೈಯ ಒಂದೇ ಚಲನೆಯು ಒಮ್ಮೆ ಎರಡು ಅಂಗುಲದ ಗೆರೆಯಾಗಿ, ಇನ್ನೊಮ್ಮೆ ಮೂರು ಅಂಗುಲದ ಗೆರೆಯಾಗಿ ಮೂಡಿದರೆ ಕೈಗೆ ಅಭ್ಯಾಸವಾದರೂ ಹೇಗೆ ಆದೀತು?

ಪೆನ್ ಟ್ಯಾಬ್ಲೆಟ್ಟಿನಲ್ಲಿ ಹಲಗೆಯ ಪ್ರತಿಯೊಂದು ಬಿಂದುವಿಗೂ ಪರದೆಯ ಮೇಲೆ ನಿಶ್ಚಿತವಾದ ಒಂದು ಸ್ಥಾನವಿದೆ. ಹಲಗೆಯ ಎಡ ಮೇಲ್ತುದಿಯನ್ನು ಮುಟ್ಟಿದರೆ ಪರದೆಯ ಎಡ ಮೇಲ್ತುದಿಯೇ ಸಿಗುತ್ತದೆ. ಹಲಗೆಯೊಳಗಿನ ತಂತಿಗಳ ಜಾಲವು ದುರ್ಬಲವಾದ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಹೊರಸೂಸುತ್ತದೆ. ಪೆನ್ನಿನೊಳಗಿನ ಸುರುಳಿಯು ಅದರಿಂದಲೇ ಶಕ್ತಿ ಪಡೆದು ಮರುಸಂಕೇತ ಕಳುಹಿಸುತ್ತದೆ. ಅದರ ಆಧಾರದಿಂದ ಪೆನ್ನಿನ ಸ್ಥಾನ ಗೊತ್ತಾಗುತ್ತದೆ. ಇದರಿಂದಾಗಿ ಪೆನ್ನಿಗೆ ಬ್ಯಾಟರಿ ಬೇಕಿಲ್ಲ. ತುದಿಯನ್ನು ಒತ್ತಿದಷ್ಟೂ ಸಂಕೇತ ವ್ಯತ್ಯಾಸಗೊಳ್ಳುವುದರಿಂದ ಒತ್ತಡದ ಪ್ರಮಾಣವೂ ತಿಳಿಯುತ್ತದೆ. ಮೌಸಿನ ಗುಂಡಿಗೆ ಒತ್ತಿದ್ದು, ಬಿಟ್ಟದ್ದು ಎಂಬ ಎರಡೇ ಸ್ಥಿತಿಗಳು, ಪೆನ್ನಿಗೆ ಸಾವಿರಾರು. ಕುಂಚದಂತೆ ತೆಳುವಾಗಿ ಆರಂಭವಾಗಿ, ನಡುವೆ ದಪ್ಪವಾಗಿ, ಮತ್ತೆ ಸಣ್ಣಗೆ ಕೊನೆಗೊಳ್ಳುವ ಗೆರೆ ಒಂದೇ ಎಳೆತದಲ್ಲಿ ಬರುವುದು ಈ ಕಾರಣದಿಂದ.

ಹಾಗೆಂದು ಪೆನ್ ಎಲ್ಲದರಲ್ಲಿಯೂ ಮುಂದು ಎಂದೇನಿಲ್ಲ. ಮೆಕೆಂಜಿ, ಸೆಲ್ಲನ್ ಮತ್ತು ಬಕ್ಸ್‌ಟನ್ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಗುರಿಯನ್ನು ಮುಟ್ಟುವ ಕೆಲಸದಲ್ಲಿ ಪೆನ್ ಮೌಸಿಗಿಂತ ಮೇಲೆನಿಸಿತು. ವಸ್ತುವನ್ನು ಹಿಡಿದು ಎಳೆದೊಯ್ಯುವ ಕೆಲಸದಲ್ಲಿ ಆ ಮೇಲುಗೈ ಉಳಿಯಲಿಲ್ಲ. ವಿನ್ಯಾಸ ವಿಭಾಗದಲ್ಲಿ ದಿನದ ಬಹುಪಾಲು ನಡೆಯುವುದು ಇಂತಹ ಎಳೆದಾಟವೇ ಎಂಬುದು ಗಮನಾರ್ಹ.

ಕೆಲಸಕ್ಕೆ ತಕ್ಕ ಸಾಧನ

ಆಹ್ವಾನ ಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ಪಠ್ಯಪುಸ್ತಕಗಳ ಪುಟವಿನ್ಯಾಸವೇ ಮುಖ್ಯವಾಗಿರುವ ಮುದ್ರಣಾಲಯಕ್ಕೆ ಮೌಸ್ ಸಾಕು. ಅಕ್ಷರಗಳನ್ನು ಕೀಲಿಮಣೆ ನೋಡಿಕೊಳ್ಳುತ್ತದೆ. ಉಳಿದದ್ದು ಚೌಕಗಳನ್ನು ಸರಿಸಿ ಜೋಡಿಸುವ ಕೆಲಸ. ಕೋರಲ್‌ಡ್ರಾ, ಇಲಸ್ಟ್ರೇಟರ್ ತಂತ್ರಾಂಶಗಳಲ್ಲಿ ವ್ಯಾಪಾರ ಚಿಹ್ನೆಯನ್ನು ರಚಿಸುವವರಿಗೂ ಮೌಸ್ ಒಳ್ಳೆಯ ಜೊತೆಗಾರ. ಅಲ್ಲಿ ಗೆರೆಯನ್ನು ಕೈಯಿಂದ ಎಳೆಯುವುದಕ್ಕಿಂತ ಹೆಚ್ಚಾಗಿ ಬಿಂದುಗಳನ್ನಿಟ್ಟು, ಅವುಗಳ ಹಿಡಿಗಳನ್ನು ಎಳೆದು ಬಾಗಿಸುತ್ತಾರೆ. ಫ್ರಾನ್ಸಿನ ರೆನೋ ಮೋಟಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಅವರು 1960ರ ದಶಕದಲ್ಲಿ ಕಾರಿನ ಮೈಕಟ್ಟಿಗಾಗಿ ಬಳಕೆಗೆ ತಂದ ವಕ್ರರೇಖೆಗಳೇ ಇವು. ಇಲ್ಲಿ ಬೇಕಾದದ್ದು ಬಿಂದುವನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವ ಸ್ಥಿರತೆ. ಕೈಬಿಟ್ಟರೂ ಮೌಸ್ ಇದ್ದಲ್ಲೇ ಇರುತ್ತದೆ. ಪೆನ್ನಿನ ತುದಿ ಎತ್ತುವಾಗಲೇ ಒಂದಿಷ್ಟು ಜರುಗುವುದುಂಟು.

ಕರ್ನಾಟಕದ ಕರಕುಶಲ ಉದ್ಯಮಗಳಲ್ಲಿ ಈ ವಿವೇಚನೆ ಇನ್ನೂ ಕುತೂಹಲಕರವಾಗುತ್ತದೆ. ಧಾರವಾಡ ಭಾಗದ ಕಸೂತಿಯನ್ನೇ ತೆಗೆದುಕೊಳ್ಳಬಹುದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಅದರ ಹೊಲಿಗೆಗಳೆಲ್ಲವೂ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಗೋಪುರವಿರಲಿ, ತೇರಿರಲಿ, ತುಳಸಿಕಟ್ಟೆಯಿರಲಿ, ಕೊನೆಗೆ ಅದು ಚೌಕಗಳ ಮೇಲಿನ ಲೆಕ್ಕವೇ. ನೋಡಲು ಅಷ್ಟು ಕಲಾತ್ಮಕವಾದ ಈ ಕೆಲಸದ ನಕ್ಷೆಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲು ಮೌಸ್ ಧಾರಾಳವಾಗಿ ಸಾಕಾಗುತ್ತದೆ. ಜಕಾರ್ಡ್ ಮಗ್ಗದ ನಕ್ಷೆಯೂ ಹೀಗೆಯೇ. ಹಾಸಿನ ಒಂದು ಎಳೆಯೂ ಹೊಕ್ಕಿನ ಒಂದು ಎಳೆಯೂ ಸಂಧಿಸುವಲ್ಲಿ ಒಂದು ಚೌಕ. ಅದು ತುಂಬಿರಬೇಕು, ಇಲ್ಲವೇ ಖಾಲಿಯಿರಬೇಕು. ಅರ್ಧ ಒತ್ತಡಕ್ಕೆ ಅಲ್ಲಿ ಅರ್ಥವೇ ಇಲ್ಲ. ಆದರೆ ಸೆರಗಿನಲ್ಲಿ ಬರುವ ನವಿಲನ್ನೋ ಬಳ್ಳಿಯನ್ನೋ ಮೊದಲಿಗೆ ಕಲ್ಪಿಸಿ ಬರೆಯುವವನ ಮಾತು ಬೇರೆ. ಆ ಮೊದಲ ಚಿತ್ರ ಕೈಯಿಂದಲೇ ಹುಟ್ಟಬೇಕು. ಚೌಕಗಳಾಗಿ ಅದನ್ನು ಒಡೆಯುವುದು ನಂತರದ ಮಾತು. ಹೀಗಾಗಿ ಸೀರೆ ವಿನ್ಯಾಸದ ಒಂದೇ ಕೋಣೆಯಲ್ಲಿ ಒಬ್ಬರಿಗೆ ಪೆನ್, ಮತ್ತೊಬ್ಬರಿಗೆ ಮೌಸ್ ಇರುವುದು ತಾರತಮ್ಯವಲ್ಲ.

ಇನ್ನು ಎಳೆತವೇ ಜೀವಾಳವಾಗಿರುವ ಕೆಲಸಗಳಿವೆ. ಮೈಸೂರು ಶೈಲಿಯ ಚಿತ್ರದ ರೇಖೆ, ಮಕ್ಕಳ ಪುಸ್ತಕದ ಚಿತ್ರ, ವ್ಯಂಗ್ಯಚಿತ್ರ, ಅನಿಮೇಷನ್ – ಇವುಗಳಲ್ಲಿ ಮೌಸ್ ಹಿಡಿಸುವುದೆಂದರೆ ಚಿತ್ರಕಾರನ ಕೈಗೆ ಸಾಬೂನಿನ ಬಿಲ್ಲೆ ಕೊಟ್ಟು ಬರೆಯೆಂದಂತೆ. ಕನ್ನಡ ಲಿಪಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ದುಂಡಗಿನ ತಿರುವು, ತಲೆಕಟ್ಟು, ಒತ್ತಕ್ಷರಗಳ ಕೊಂಡಿ ಇವೆಲ್ಲ ದಪ್ಪ ಸಣ್ಣಗಳ ಏರಿಳಿತದಿಂದಲೇ ಚೆಲುವು ಪಡೆಯುತ್ತವೆ. ಪುಸ್ತಕದ ಹೊದಿಕೆಗೋ ಚಲನಚಿತ್ರದ ಶೀರ್ಷಿಕೆಗೋ ಕೈಬರಹದ ಅಕ್ಷರ ಬೇಕಾದಾಗ ಮೌಸಿನಿಂದ ಅರ್ಧ ದಿನ ತಿದ್ದಿದರೂ ದೊರೆಯದ ಸಹಜತೆ ಪೆನ್ನಿನಲ್ಲಿ ಕೆಲವೇ ಪ್ರಯತ್ನಗಳಿಗೆ ದೊರೆಯುತ್ತದೆ. ಅನಿಮೇಷನ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲಿಗೆ, 2012ರಲ್ಲಿ, ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ; ಅಲ್ಲಿ ಕೆಲಸ ಬಯಸುವ ತರುಣರಿಗೆ ಪೆನ್ನಿನ ಅಭ್ಯಾಸ ಇರಲೇಬೇಕೆಂಬುದನ್ನು ತರಬೇತಿ ಕೇಂದ್ರಗಳನ್ನು ನಡೆಸುವವರೂ ಮನಗಾಣಬೇಕು.

ಛಾಯಾಚಿತ್ರ ಸ್ಟುಡಿಯೋಗಳು ಇವೆರಡರ ನಡುವೆ ಬರುತ್ತವೆ. ಮದುವೆ ಆಲ್ಬಮ್ಮಿನ ಪುಟಗಳನ್ನು ಜೋಡಿಸಲು ಮೌಸ್ ಸಾಕು. ವಧುವಿನ ಮುಂಗುರುಳನ್ನು ಹಿನ್ನೆಲೆಯಿಂದ ಬಿಡಿಸುವುದು, ಮುಖದ ನೆರಳನ್ನು ನಿಧಾನವಾಗಿ ತಿಳಿಗೊಳಿಸುವುದು ಒತ್ತಡದ ಹದ ಬೇಡುವ ಕೆಲಸಗಳಾದ್ದರಿಂದ ತಿದ್ದುವವರಿಗೆ ಪೆನ್ ಬೇಕು.

ಕೈ ಪಳಗಿದವರ ಪ್ರಶ್ನೆ

ಯಂತ್ರದ ವಿಚಾರಕ್ಕಿಂತ ದೊಡ್ಡದಾದ ಇನ್ನೊಂದು ವಿಚಾರವಿದೆ. ಫ್ಲೆಕ್ಸ್ ಮುದ್ರಣ ವ್ಯಾಪಿಸಿದಾಗ ಊರೂರುಗಳಲ್ಲಿ ಅಂಗಡಿಗಳ ನಾಮಫಲಕ ಬರೆಯುತ್ತಿದ್ದ ಅನೇಕ ಕುಂಚ ಕಲಾವಿದರು ಕಸುಬು ಕಳೆದುಕೊಂಡರು. ಅವರಲ್ಲಿ ಕೆಲವರನ್ನು ಗಣಕಯಂತ್ರದ ಮುಂದೆ ಕೂರಿಸಿದ್ದೂ ಉಂಟು. ಅವರ ಕೈಗೆ ಸಿಕ್ಕಿದ್ದು ಮೌಸ್. ಮೂವತ್ತು ವರ್ಷ ಗೋಡೆಯ ಮೇಲೆ ಆಳೆತ್ತರದ ಅಕ್ಷರವನ್ನು ಒಂದೇ ಬೀಸಿಗೆ ಬರೆದ ಕೈ ಒಂದು ನೇರ ಗೆರೆ ಎಳೆಯಲಾರದೆ ಹೋಯಿತು. ‘ಇವರಿಗೆ ಕಂಪ್ಯೂಟರ್ ಬರುವುದಿಲ್ಲ’ ಎಂಬ ತೀರ್ಮಾನವಾಯಿತು. ಅವರಿಗೆ ಬಾರದೇ ಇದ್ದದ್ದು ಮೌಸ್ ಮಾತ್ರ ಎಂಬುದನ್ನು ಪರೀಕ್ಷಿಸಿ ನೋಡಿದವರು ವಿರಳ. ಇಂದಿಗೂ ನಕ್ಷೆ ಬರೆಯುವ ಹಿರಿಯ ಕುಶಲಕರ್ಮಿಯೊಬ್ಬರು ಸಂಸ್ಥೆಯಲ್ಲಿದ್ದರೆ, ಅವರ ಮುಂದೆ ಪೆನ್ ಟ್ಯಾಬ್ಲೆಟ್ಟನ್ನಿಟ್ಟು ಒಂದು ತಿಂಗಳು ಕಾಯುವುದು ಹೊಸಬರನ್ನು ನೇಮಿಸಿಕೊಳ್ಳುವುದಕ್ಕಿಂತ ಲಾಭದಾಯಕವಾಗಬಹುದು.

ಒಂದು ತಿಂಗಳು ಎಂದದ್ದಕ್ಕೆ ಕಾರಣವಿದೆ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ – ಈ ಅಗಲಿಕೆಗೆ ಹೊಂದಿಕೊಳ್ಳಲು ಯಾರಿಗಾದರೂ ಕಾಲ ಬೇಕು. ಮೊದಲ ವಾರ ಕೆಲಸ ಮೊದಲಿಗಿಂತ ನಿಧಾನವಾಗುತ್ತದೆ. ಹಬ್ಬದ ಅಥವಾ ಚುನಾವಣೆಯ ಆರ್ಡರುಗಳ ನಡುವೆ ಟ್ಯಾಬ್ಲೆಟ್ ತಂದುಕೊಟ್ಟರೆ ಅದು ಖಾನೆ ಸೇರುವುದು ಖಚಿತ. ಕೆಲಸ ಕಡಿಮೆಯಿರುವ ತಿಂಗಳನ್ನು ಆರಿಸಿಕೊಂಡು, ಮೌಸನ್ನು ತೆಗೆದುಹಾಕದೆ, ಎರಡನ್ನೂ ಮೇಜಿನ ಮೇಲೆ ಉಳಿಸುವುದು ಒಳಿತು. ಒಂದೇ ಭಂಗಿಯಲ್ಲಿ ದಿನವಿಡೀ ಮೌಸ್ ಹಿಡಿದು ಮಣಿಕಟ್ಟು ನೋಯುತ್ತಿರುವವರಿಗೆ ಸಾಧನ ಬದಲಿಸುತ್ತಿರುವುದರಿಂದ ಆರಾಮವೂ ಸಿಗುತ್ತದೆ. ಪೆನ್ನನ್ನೇ ಎಂಟು ಗಂಟೆ ಬಿಗಿಹಿಡಿದರೆ ಅದೂ ನೋಯಿಸುತ್ತದೆ.

ಖರೀದಿಯ ಲೆಕ್ಕ

ಸಾಧಾರಣ ಮೌಸಿಗೆ ಕೆಲವು ನೂರು ರೂಪಾಯಿ. ಆರಂಭಿಕ ದರ್ಜೆಯ ಪೆನ್ ಟ್ಯಾಬ್ಲೆಟ್ಟಿಗೆ ಕೆಲವು ಸಾವಿರ. ಉದಾಹರಣೆಗೆ ಐದು ಸಾವಿರ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 20,000 ರೂಪಾಯಿ ವೇತನ ಪಡೆದು 200 ಗಂಟೆ ದುಡಿಯುವ ಕಲಾವಿದನ ಒಂದು ಗಂಟೆಯ ಬೆಲೆ 100 ರೂಪಾಯಿ. ದಿನಕ್ಕೆ ಅರ್ಧ ಗಂಟೆ ಉಳಿದರೆ 100 ಕೆಲಸದ ದಿನಗಳಲ್ಲಿ, ಅಂದರೆ ಸುಮಾರು ನಾಲ್ಕು ತಿಂಗಳಲ್ಲಿ, ಹಾಕಿದ ಹಣ ಮರಳುತ್ತದೆ. ಪುಟ ಜೋಡಿಸುವವನ ಮೇಜಿನ ಮೇಲಿಟ್ಟರೆ ಅದೇ ಐದು ಸಾವಿರ ಎಂದಿಗೂ ಮರಳದು.

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಒತ್ತಡದ ಹಂತಗಳ ಸಂಖ್ಯೆ: 2,048, 4,096, 8,192, ಈಚೆಗೆ 16,384. ಇದಕ್ಕೆ ಮಾರುಹೋಗಬೇಕಾಗಿಲ್ಲ, ವ್ಯಾಪಾರದ ಕೆಲಸಕ್ಕೆ 2,048 ಸಾಲದೆಂದು ದೂರುವ ಕಲಾವಿದರು ಸಿಗುವುದು ಕಷ್ಟ. ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಆರಂಭವಾಗುತ್ತದೆ, ನಿಧಾನವಾಗಿ ಎಳೆದ ಓರೆಗೆರೆ ನಡುಗುತ್ತದೆಯೇ ಎಂಬುದನ್ನು ಕೈಯಲ್ಲಿ ಹಿಡಿದು ನೋಡುವುದೇ ಮುಖ್ಯ. ಕೊಳ್ಳುವಾಗ ಮಾಲೀಕರ ಬದಲು ಬಳಸುವವರೇ ಅಂಗಡಿಗೆ ಹೋಗುವುದು ಸೂಕ್ತ.

ಅಳತೆಯ ವಿಷಯದಲ್ಲಿಯೂ ದೊಡ್ಡದೆಲ್ಲ ಒಳ್ಳೆಯದಲ್ಲ. ಸುಮಾರು 152 × 95 ಮಿಲಿಮೀಟರಿನ ಸಣ್ಣ ಹಲಗೆ ಚಿತ್ರ ತಿದ್ದುವವರಿಗೆ ಒಪ್ಪುತ್ತದೆ. ಮಣಿಕಟ್ಟು ಆಡಿದರೆ ಸಾಕು. ಮುಂಗೈಯಿಂದ ಉದ್ದ ಗೆರೆ ಎಳೆದು ರೂಢಿಯಿರುವವರಿಗೆ 216 × 135 ಮಿಲಿಮೀಟರಿನ ಮಧ್ಯಮ ಅಳತೆ ಬೇಕು. ಹಲಗೆಯ ಅಗಲ ಎತ್ತರಗಳ ಅನುಪಾತವು ಪರದೆಯ ಅನುಪಾತಕ್ಕೆ ಹೊಂದದಿದ್ದರೆ ಬರೆದ ವೃತ್ತ ಮೊಟ್ಟೆಯಾಗಿ ಮೂಡುತ್ತದೆ. ಹಳೆಯ ಚೌಕ ಪರದೆಗಳ ಕಾಲದ ಟ್ಯಾಬ್ಲೆಟ್ಟನ್ನು ಎರಡನೆಯ ಕೈಯಿಂದ ಕೊಂಡವರಿಗೆ ಈ ತೊಂದರೆ ಎದುರಾಗುತ್ತದೆ. ಅನುಪಾತ ಸರಿಹೊಂದಿಸುವ ಆಯ್ಕೆ ಚಾಲಕ ತಂತ್ರಾಂಶದಲ್ಲಿಯೇ ಇರುತ್ತದೆ. ಎರಡು ಕಂಪನಿಗಳ ಚಾಲಕ ತಂತ್ರಾಂಶಗಳು ಒಂದೇ ಯಂತ್ರದಲ್ಲಿದ್ದರೆ ಒತ್ತಡ ಕೆಲಸ ಮಾಡದೆ ಹೋಗಬಹುದಾದ್ದರಿಂದ ಹಳೆಯದನ್ನು ಮೊದಲು ತೆಗೆಯಬೇಕು. ಫೋಟೋಶಾಪ್ ಅಲ್ಲದೆ ಉಚಿತವಾಗಿ ದೊರೆಯುವ ಕ್ರಿಟಾ, ಗಿಂಪ್, ಇಂಕ್‌ಸ್ಕೇಪ್ ತಂತ್ರಾಂಶಗಳೂ ಪೆನ್ನಿನ ಒತ್ತಡವನ್ನು ಗ್ರಹಿಸುತ್ತವೆ.

ಪರದೆಯ ಮೇಲೆಯೇ ಬರೆಯುವ ಟ್ಯಾಬ್ಲೆಟ್ಟುಗಳೂ ಇವೆ; ಬೆಲೆ ಹಲವು ಪಟ್ಟು. ಕೈ ಕಣ್ಣುಗಳ ಅಗಲಿಕೆ ಅಲ್ಲಿಲ್ಲವಾದ್ದರಿಂದ ಹಿರಿಯ ಕಲಾವಿದರಿಗೆ ಅದು ಸುಲಭವೆನಿಸುತ್ತದೆ. ಆದರೆ ಸಾಧಾರಣ ಟ್ಯಾಬ್ಲೆಟ್ಟಿನಲ್ಲಿ ಕೈ ಕುದುರುವುದೋ ಇಲ್ಲವೋ ನೋಡದೆ ಅಷ್ಟು ಹಣ ಹೂಡುವುದು ಅವಸರವಾದೀತು.

ಮೌಸ್, ಟ್ಯಾಬ್ಲೆಟ್ ಎರಡೂ ಜಿ.ಎಸ್.ಟಿ. ವರ್ಗೀಕರಣದಲ್ಲಿ 8471ನೇ ಶೀರ್ಷಿಕೆಗೆ ಸೇರುತ್ತವೆ. ತೆರಿಗೆ ದರ ಶೇ. 18. ವ್ಯವಹಾರಕ್ಕಾಗಿ ಕೊಂಡ ನೋಂದಾಯಿತ ವರ್ತಕರು ಇದನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಅವಕಾಶವಿಲ್ಲ. ಬಿಲ್ಲಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಪೆನ್ನಿನ ತುದಿಗಳು ಸವೆಯುವುದು ಸಹಜವಾದ್ದರಿಂದ, ಬದಲಿ ತುದಿಗಳು ಊರಿನಲ್ಲಿಯೇ ಸಿಗುತ್ತವೆಯೇ ಎಂಬುದನ್ನೂ ಅದೇ ಅಂಗಡಿಯಲ್ಲಿ ವಿಚಾರಿಸಿ, ಒಂದು ಪೊಟ್ಟಣವನ್ನು ಜೊತೆಯಲ್ಲಿಯೇ ಕೊಳ್ಳುವುದು ಉತ್ತಮ.