ಬಟ್ಟೆ ಒಣಗಿಸುವ ಗಾಳಿ

ಮೇ ತಿಂಗಳ ಮಧ್ಯಾಹ್ನ ಹೈದರಾಬಾದಿನ ಕಾಚಿಗುಡದಲ್ಲಿ, ತಾರಸಿಯ ನೆರಳಿಗೆ ಹರವಿದ ಒದ್ದೆ ಹತ್ತಿ ಸೀರೆಯನ್ನು ಮುಟ್ಟಿ ನೋಡಿ. ಸುತ್ತಲೂ 40 ಡಿಗ್ರಿ ಸೆಲ್ಸಿಯಸ್ ಧಗೆ, ಸೀರೆ ಮಾತ್ರ ತಣ್ಣಗೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 25ರಷ್ಟಿದ್ದರೆ ಆ ಬಟ್ಟೆಯ ಉಷ್ಣತೆ 25 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಬೆಂಕಿಯಂಥ ಗಾಳಿಯ ನಡುವೆ ಅದಕ್ಕೆ ಈ ತಂಪು ಎಲ್ಲಿಂದ ಬಂತು?

ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಿಕೊಂಡು ಆವಿಯಾಗಲು ಒಂದು ಕಿಲೋ ನೀರಿಗೆ ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು ಒಂದು ಯೂನಿಟ್ಟಿನ ಮೂರನೇ ಎರಡು ಪಾಲು. ಇದೇ ಗುಪ್ತೋಷ್ಣ. ಆವಿ ಇದನ್ನು ಕೊಂಡೊಯ್ಯುವುದರಿಂದಲೇ ಸೀರೆ ತಣ್ಣಗಾಗುವುದು. ಹಗ್ಗದ ಮೇಲಿನ ಬಟ್ಟೆ ಇದನ್ನು ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ, ಬಿಸಿಲಿದ್ದರೆ ಸೂರ್ಯನಿಂದಲೂ. ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಡಿಕೆ, ಮನೆಮನೆಯ ಕೂಲರ್, ಎಲ್ಲ ನಡೆಯುವುದು ಇದೇ ತತ್ತ್ವದ ಮೇಲೆ.

ಡ್ರೈಯರ್ ಯಂತ್ರ ಈ ಶಾಖವನ್ನು ವಿದ್ಯುತ್ತಿನಿಂದ ಒದಗಿಸುತ್ತದೆ. ಐದು ಕಿಲೋ ಹತ್ತಿ ಬಟ್ಟೆಯನ್ನು ವಾಷಿಂಗ್ ಮೆಷಿನ್ ಹಿಂಡಿ ಕೊಟ್ಟ ಮೇಲೂ ಅದರಲ್ಲಿ ಮೂರು ಕಿಲೋದಷ್ಟು ನೀರು ಉಳಿದಿರಬಹುದು. ಅದನ್ನು ಆವಿ ಮಾಡಲು ಎರಡು ಯೂನಿಟ್ ಬೇಕೇ ಬೇಕು. ಬಿಸಿಗಾಳಿಯನ್ನು ಹೊರಗೆ ಬಿಟ್ಟುಬಿಡುವ ಸಾಮಾನ್ಯ ಡ್ರೈಯರ್ ಮೂರನ್ನೂ ದಾಟುತ್ತದೆ. ಆವಿಯಿಂದ ಶಾಖವನ್ನು ಮರಳಿ ಪಡೆಯುವ ಹೀಟ್ ಪಂಪ್ ಡ್ರೈಯರ್‌ಗಳು ಇದರಲ್ಲಿ ಅರ್ಧದಷ್ಟನ್ನು ಉಳಿಸುತ್ತವೆ, ಬೆಲೆ ಮಾತ್ರ ಹೆಚ್ಚು. ತೆಲಂಗಾಣ ಸರ್ಕಾರ 2021ರ ಏಪ್ರಿಲ್‌ನಲ್ಲಿ ಲಾಂಡ್ರಿಗಳಿಗೂ ಧೋಬಿ ಘಾಟ್‌ಗಳಿಗೂ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಘೋಷಿಸಿತು. ಅಷ್ಟನ್ನೂ ಸಾಮಾನ್ಯ ಡ್ರೈಯರ್‌ಗೇ ಸುರಿದರೆ 400 ಕಿಲೋ ಬಟ್ಟೆ ಒಣಗುವಷ್ಟರಲ್ಲಿ ಖಾಲಿಯಾಗುತ್ತದೆ. ಅಗಸರು ನೆಚ್ಚಿಕೊಂಡಿರುವುದು ಹಗ್ಗವನ್ನು. ಎರಡೆಳೆ ಹಗ್ಗವನ್ನು ಬಿಗಿಯಾಗಿ ಹುರಿಮಾಡಿ ಕಟ್ಟಿ, ಹುರಿಯನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಬಟ್ಟೆಯ ತುದಿ ಸಿಕ್ಕಿಸುತ್ತಾರೆ. ಬಿಟ್ಟೊಡನೆ ಎಳೆಗಳು ಅದನ್ನು ಕಚ್ಚಿಕೊಳ್ಳುತ್ತವೆ. ಕ್ಲಿಪ್ ಬೇಡ, ಮಡಿಕೆಯೂ ಬೀಳುವುದಿಲ್ಲ, ಎರಡೂ ಮೈಗೆ ಗಾಳಿ ತಾಗುತ್ತದೆ.

ಯಂತ್ರದ ಹಿಂಡುವ ಕೆಲಸವನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. 25 ಸೆಂಟಿಮೀಟರ್ ತ್ರಿಜ್ಯದ ಡ್ರಮ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚಿನಲ್ಲಿ ಗುರುತ್ವದ 280 ಪಟ್ಟು ಬಲ ಹುಟ್ಟುತ್ತದೆ. ಹೀಗೆ ದ್ರವವಾಗಿಯೇ ಹೊರಹೋದ ನೀರಿಗೆ ಗುಪ್ತೋಷ್ಣ ಕೊಡಬೇಕಾಗಿಲ್ಲ. ಆದ್ದರಿಂದ ದಪ್ಪ ಬಟ್ಟೆಗಳನ್ನು ಇನ್ನೊಂದು ಸಲ ಸ್ಪಿನ್‌ಗೆ ಹಾಕಿ, ಆಮೇಲೆ ಹಗ್ಗಕ್ಕೆ ಹಾಕುವುದು ಜಾಣತನ.

ಇನ್ನು ಗಾಳಿಯ ಮಾತು. 40 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 51 ಗ್ರಾಂ ನೀರಾವಿ ಹಿಡಿಯಬಲ್ಲದು. ಆರ್ದ್ರತೆ ಶೇ. 25 ಇದ್ದಾಗ ಅದರಲ್ಲಿ ಇನ್ನೂ 38 ಗ್ರಾಂಗೆ ಜಾಗವಿದೆ. ಆಗಸ್ಟಿನ ಮಳೆಗಾಲದಲ್ಲಿ 26 ಡಿಗ್ರಿ, ಶೇ. 85 ಆರ್ದ್ರತೆ ಇರುವಾಗ ಉಳಿಯುವ ಜಾಗ ನಾಲ್ಕು ಗ್ರಾಂಗೂ ಕಡಿಮೆ. ಅದೇ ಊರು, ಅದೇ ಹಗ್ಗ, ಗಾಳಿಯ ದಾಹ ಮಾತ್ರ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಸಾಲದ್ದಕ್ಕೆ, ಒದ್ದೆ ಬಟ್ಟೆಗೆ ಅಂಟಿಕೊಂಡ ತೆಳುವಾದ ಗಾಳಿಯ ಪದರ ಬೇಗನೆ ಆವಿಯಿಂದ ತುಂಬಿಹೋಗುತ್ತದೆ. ಬೀಸುಗಾಳಿ ಅದನ್ನು ಒರೆಸಿಕೊಂಡು ಹೋಗದಿದ್ದರೆ ಒಣಗುವುದು ಕುಂಟುತ್ತದೆ. ಬಟ್ಟೆಗಳನ್ನು ಒತ್ತೊತ್ತಾಗಿ ಹಾಕಬಾರದು ಎನ್ನುವುದು ಇದಕ್ಕೇ.

ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರಗಳ ಎತ್ತರದ ಅಪಾರ್ಟ್‌ಮೆಂಟುಗಳನ್ನು ಕಂಡಾಗ ನನಗೆ ಸಂಕಟವಾಗುವುದೂ ಇದಕ್ಕೇ. ಅಂದ ಕೆಡುತ್ತದೆಂದು ಬಾಲ್ಕನಿಯಲ್ಲಿ ಬಟ್ಟೆ ಹರವುವುದನ್ನು ಬೇಡವೆನ್ನುವ ಸಂಘಗಳಿವೆ. ಬದಲಿಗೆ ಸಿಗುವ ಯುಟಿಲಿಟಿಯ ಮೂರು ಕಡೆ ಗೋಡೆ, ಗಾಳಿ ಆಡುವುದಿಲ್ಲ. ದಖ್ಖನ್ನಿನ ಒಣಗಾಳಿ ಪುಕ್ಕಟೆ ಮಾಡಿಕೊಡುವ ಕೆಲಸಕ್ಕೆ ದುಡ್ಡು ತೆತ್ತು ಯಂತ್ರ ತರುವಂತೆ ಮಾಡುವ ಕಟ್ಟಡ ಕೆಟ್ಟ ಕಟ್ಟಡ.

ಮಳೆಗಾಲದಲ್ಲಿ ಒಣಗುವುದು ತಡವಾದಷ್ಟೂ ಮುಗ್ಗಲು ವಾಸನೆ. ಇದಕ್ಕೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಜೀನ್ಸಿನ ಜೇಬು, ಸೊಂಟದ ಪಟ್ಟಿ ಕೊನೆಯವರೆಗೂ ತೇವ ಹಿಡಿದಿರುತ್ತವೆ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಹೊರಗೆಳೆದು ಹಾಕಿ. ಕೋಣೆಯೊಳಗೆ ಹಗ್ಗ ಕಟ್ಟುವವರಿಗೆ ಇನ್ನೊಂದು ಲೆಕ್ಕ: ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿರುವುದು 34 ಘನ ಮೀಟರ್ ಗಾಳಿ. ಆಗಸ್ಟಿನ ಆ ಗಾಳಿ ಹೀರಬಲ್ಲದ್ದು ಹೆಚ್ಚೆಂದರೆ 130 ಗ್ರಾಂ. ಆಗ ಹೇಳಿದ ಐದು ಕಿಲೋ ಬಟ್ಟೆಯಲ್ಲಿ ಮೂರು ಕಿಲೋ ನೀರಿದೆ. ಅಂದರೆ ಕೋಣೆಯ ಗಾಳಿ ಇಪ್ಪತ್ತಕ್ಕೂ ಹೆಚ್ಚು ಸಲ ಪೂರ್ತಿ ಬದಲಾಗಬೇಕು. ಫ್ಯಾನ್ ಹಾಕಿ, ಜತೆಗೆ ಎದುರುಬದುರಿನ ಎರಡು ಕಿಟಕಿಗಳನ್ನಾದರೂ ತೆರೆದಿಡಿ.